ಹಿಮ್ಮೇಳದ ಹಿಂದಿನವರು

ಮಳೆಗಾಲ ಮುಗಿದು ದಸರೆಯ ರಜೆ ಶುರುವಾಗುವ ದಿನಗಳಲ್ಲಿ ಅಪ್ಸರಕೊಂಡದ ಜಲಪಾತ ನೋಡಲು ಚಂದ. ಹೊನ್ನಾವರದಿಂದ ಭಟ್ಕಳದ ಕಡೆಗೆ ಹೆದ್ದಾರಿಯಲ್ಲಿ ಬಂದು, ಕಾಸರಕೋಡು ದಾಟಿ ಬಲಕ್ಕೆ ಹೊರಳಬೇಕು. ಗುಡ್ಡದಿಂದ ಬೀಳುವ ನೀರು ಕೆಳಗೊಂದು ಹೊಂಡದಲ್ಲಿ ತಂಗುತ್ತದೆ. ಅಲ್ಲಿಂದಾಚೆ ಅರಬ್ಬಿ ಸಮುದ್ರ. ಈ ಹೊಂಡದಲ್ಲಿ ಮೀಯಲು ಅಪ್ಸರೆಯರು ಇಳಿದು ಬರುತ್ತಿದ್ದರಂತೆ. ಊರಿನ ಹೆಸರಿಗೆ ಜನ ಹೇಳುವ ಕಥೆ ಅದು.

ಅಂಥದೊಂದು ರಜೆಯ ಸಂಜೆ ನಾವು ಅಲ್ಲಿಗೆ ಹೋಗಿದ್ದೆವು. ಮೆಟ್ಟಿಲ ಮೇಲೆ ಮೂವರು ಹುಡುಗರು ಒಂದು ಮೊಬೈಲನ್ನು ನಡುವೆ ಇಟ್ಟುಕೊಂಡು ಕೂತಿದ್ದರು. ಒಬ್ಬ ನಮ್ಮ ಸಂಬಂಧಿಕರ ಮಗನೇ. ಮೊಬೈಲಿನಿಂದ ಯಾರೋ ಕನ್ನಡದಲ್ಲಿ ಓಡು ಓಡಾಗಿ ಮಾತಾಡುವಂಥ ಹಾಡು ಬರುತ್ತಿತ್ತು. ಅದರ ಅಡಿಯಲ್ಲಿ ಚಂಡೆ.

“ಇದು ರ‍್ಯಾಪ್ ಚಾಚಾ, ಹಿಪ್ ಹಾಪ್. ಅಮೆರಿಕದ ಬೀಟು” ಎಂದ ನಮ್ಮ ಹುಡುಗ.

“ಬೀಟಿನ ಅಡಿಗೆ ಕೇಳ್ತಾ ಇರೋದು ಚಂಡೆ ಮಾರಾಯಾ. ಅದು ನಮ್ಮದು” ಎಂದ ಎರಡನೆಯವನು. ಅವನ ಅಜ್ಜ ಮೇಳದಲ್ಲಿ ವೇಷ ಕಟ್ಟಿದವರು.

ಮೂರನೆಯವನು ನಕ್ಕ. “ನಿಮ್ಮಿಬ್ರದ್ದೂ ಅಲ್ಲ. ಬೆಂಗಳೂರಲ್ಲಿ ಯಾರೋ ಕಂಪ್ಯೂಟರಲ್ಲಿ ಕೂಡಿಸಿದ್ದು.” ಆಮೇಲೆ ಮೂವರೂ ನಮ್ಮತ್ತ ತಿರುಗಿ, “ನೀವೇ ಹೇಳಿ ಚಾಚಾ, ಇದು ಯಾರದ್ದು?” ಎಂದು ಕೇಳಿದರು.

ನಾವು ನಕ್ಕು ಸುಮ್ಮನಾದೆವು. ಆದರೆ ಆ ಪ್ರಶ್ನೆ ನಮಗೆ ಹೊಸದಾಗಿರಲಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ತಾಳಮದ್ದಳೆ ಮುಗಿದು ಚಹಾ ಕುಡಿಯುವಾಗ ಹಿರಿಯರೊಬ್ಬರು ಬಹಳ ಪ್ರೀತಿಯಿಂದಲೇ, “ಸಾಹೇಬರೇ, ನಿಮಗೆ ಇದರಲ್ಲಿ ಇಷ್ಟು ಆಸಕ್ತಿ ಉಂಟು ಅಂತ ಗೊತ್ತಿರಲಿಲ್ಲ. ಇದು ನಮ್ಮದಲ್ವಾ?” ಎಂದಿದ್ದರು. ಅದೇ ತಿಂಗಳು, ಜುಮಾ ನಮಾಝ್ ಮುಗಿಸಿ ಹೊರಬರುವಾಗ ನಮ್ಮವರೇ ಆದ ಇನ್ನೊಬ್ಬ ಹಿರಿಯರು ಹೆಗಲ ಮೇಲೆ ಕೈಯಿಟ್ಟು, “ಚಂಡೆ ಮದ್ದಳೆ ಅಂತ ಬರೆದು ನಿಮಗೇನು ಸಿಗ್ತದೆ ಮಿಯಾಂ? ಅದು ನಮ್ಮದಲ್ಲ” ಎಂದರು. ಜೀವಮಾನದಲ್ಲಿ ಒಮ್ಮೆಯೂ ಭೇಟಿಯಾಗದ ಇಬ್ಬರು ಹಿರಿಯರು ಒಂದೇ ಮಾತಿಗೆ ಬಂದು ನಿಂತಿದ್ದರು. ಬಾಗಿಲು ಒಂದೇ. ಒಬ್ಬರು ಒಳಗಿನಿಂದ ಚಿಲಕ ಹಾಕಿದರು, ಇನ್ನೊಬ್ಬರು ಹೊರಗಿನಿಂದ.

ಸಂಗೀತದ ಹಲಾಲ್ ಹರಾಮಿನ ಚರ್ಚೆಗೆ ನಾವು ಇಲ್ಲಿ ಇಳಿಯುವುದಿಲ್ಲ. ಅದಕ್ಕೆ ತಿಳಿದವರಿದ್ದಾರೆ. ನಮ್ಮದು ಇತಿಹಾಸದ ಪ್ರಶ್ನೆ. ಒಂದು ಮೇಳದ ನಾದ ಎಲ್ಲಿಂದ ಬರುತ್ತದೆ? ಯಾರು ಯಾರ ಕೈಯಿಂದ ಏನು ಪಡೆದರು? ಪಡೆದದ್ದನ್ನು ಹೇಳಿಕೊಂಡರೋ ಇಲ್ಲವೋ? ಹುಡುಗರಿಗೆ ಅಂದು ಕೊಡಲಾಗದ ಉತ್ತರವನ್ನು ಈ ಪುಟಗಳಲ್ಲಿ ಕೊಡಲು ನೋಡುತ್ತೇವೆ.

ಮೂವರ ಬ್ಯಾಂಡು

ಇಂದಿನ ಹುಡುಗರು ಬ್ಯಾಂಡು ಎನ್ನುವುದನ್ನು ನಮ್ಮ ಕಡೆ ಹಿಮ್ಮೇಳ ಎಂದು ಕರೆಯುತ್ತ ಬಂದಿದ್ದೇವೆ. ಬಡಗುತಿಟ್ಟಿನ ಯಕ್ಷಗಾನದಲ್ಲಿ ಭಾಗವತ, ಮದ್ದಳೆಗಾರ, ಚಂಡೆಗಾರ. ಇವರ ಬೆನ್ನಿಗೆ ಶ್ರುತಿ. ವೇಷಧಾರಿಗಳು ಮುಮ್ಮೇಳದವರು. ಜನ ನೋಡುವುದು ಮುಮ್ಮೇಳವನ್ನು, ಆಟವನ್ನು ನಡೆಸುವುದು ಹಿಮ್ಮೇಳ. ಭಾಗವತನ ತಾಳ ನಿಂತರೆ ರಾವಣನೂ ನಿಲ್ಲಬೇಕು.

ನಮ್ಮ ಬಾಲ್ಯದಲ್ಲಿ ಗದ್ದೆ ಕೊಯ್ಲಾದ ಮೇಲೆ ಆಟ ಬರುತ್ತಿತ್ತು. ಇಶಾ ನಮಾಝ್ ಮುಗಿದು ಮನೆಯವರು ಮಲಗಿದ ಮೇಲೆ ದೂರದ ಗದ್ದೆಯಿಂದ ಮೊದಲು ಕೇಳುತ್ತಿದ್ದುದು ಚಂಡೆ. ಕದ್ದು ಹೋಗಿ, ಬೆಳಗಿನ ಜಾವ ಫಜ್ರ್‌ನ ಬಾಂಗಿಗೆ ಮೊದಲೇ ಮನೆ ಸೇರಿ, ಮದ್ರಸದಲ್ಲಿ ತೂಕಡಿಸುತ್ತಿದ್ದೆವು. ಒಮ್ಮೆ ಉಸ್ತಾದರು ಬೆತ್ತ ಎತ್ತಿದವರು ಹಾಗೇ ಕೆಳಗಿಟ್ಟು, “ನಿನ್ನೆ ಯಾವ ಪ್ರಸಂಗ?” ಎಂದು ಕೇಳಿದರು. ಅವರೂ ಕಿಟಕಿಯಲ್ಲಿ ಕೂತು ಕೇಳಿದ್ದರು ಎಂಬುದು ನಮಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ಅಪ್ಸರಕೊಂಡದ ಸುತ್ತಲಿನ ನೆಲ ಈ ಕಲೆಯ ಒಂದು ದೊಡ್ಡ ಮನೆ. ಹೊನ್ನಾವರದ ಉತ್ತರಕ್ಕೆ ಕರ್ಕಿ. ಅಲ್ಲಿಯ ಹಾಸ್ಯಗಾರ ಮನೆತನ ತಲೆಮಾರುಗಳ ಕಾಲ ಮೇಳ ಕಟ್ಟಿ ಆಡಿಸಿತು. ದಕ್ಷಿಣಕ್ಕೆ ಗುಣವಂತೆಯ ಕೆರೆಮನೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಶ್ರೀ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಕಟ್ಟಿದರು. ಅವರ ಮಗ ಶಂಭು ಹೆಗಡೆಯವರು ಅದನ್ನು ದೇಶ ವಿದೇಶಗಳಿಗೆ ಕೊಂಡೊಯ್ದರು. 2009ರಲ್ಲಿ ಇಡಗುಂಜಿಯಲ್ಲಿಯೇ ಪಾತ್ರ ಮಾಡುತ್ತಿದ್ದಾಗ ಕುಸಿದು ತೀರಿಕೊಂಡರು. ಕಡತೋಕಾ, ಇಡಗುಂಜಿ ಎಂದು ಹಿಮ್ಮೇಳದ ಕಲಾವಿದರ ಹೆಸರಿನ ಹಿಂದೆ ಮುಂದೆ ಬರುವ ಊರುಗಳೆಲ್ಲ ಈ ತಾಲೂಕಿನವು.

ಇದು ಎಂದೂ ಮುಚ್ಚಿದ ಊರಲ್ಲ ಎಂಬುದನ್ನೂ ನೆನಪಿಡಬೇಕು. ಶರಾವತಿ ಸಮುದ್ರ ಸೇರುವ ಬಂದರು ಹೊನ್ನಾವರ. 1342ರ ಸುಮಾರಿಗೆ ಇಲ್ಲಿಗೆ ಬಂದ ಇಬ್ನ್ ಬತೂತಾ, ಹುಡುಗರಿಗೆ 23 ಮತ್ತು ಹುಡುಗಿಯರಿಗೆ 13 ಮದ್ರಸಗಳನ್ನು ಈ ಊರಿನಲ್ಲಿ ಕಂಡೆನೆಂದು ಬರೆದಿದ್ದಾನೆ. ಹಡಗುಗಳಲ್ಲಿ ಮೆಣಸು ಹೋಗುತ್ತಿತ್ತು, ಕುದುರೆ ಬರುತ್ತಿತ್ತು. ಜನ ಬಂದರೆ ಅವರ ರಾಗವೂ ಅವರೊಡನೆ ಬರುತ್ತದೆ. ಅದಕ್ಕೆ ಸುಂಕದ ಕಟ್ಟೆಯಿಲ್ಲ.

ಸಾಂಗ್ಲಿಗೆ ಹೋದ ಆಟ

ಮೊದಲು ಹೋದದ್ದನ್ನು ಹೇಳೋಣ, ಬಂದದ್ದು ಆಮೇಲೆ.

1842ರಲ್ಲಿ ಉತ್ತರ ಕನ್ನಡದ ಭಾಗವತರ ಮೇಳವೊಂದು ಸಾಂಗ್ಲಿಗೆ ಹೋಗಿ ಅಲ್ಲಿಯ ದೊರೆ ಚಿಂತಾಮಣರಾವ್ ಪಟವರ್ಧನರ ಮುಂದೆ ಆಟ ಆಡಿತು. ಅದು ಕರ್ಕಿಯ ಮೇಳವೆಂದು ನಮ್ಮ ಕಡೆಯವರು ಹೇಳುತ್ತಾರೆ. ಆಟ ನೋಡಿದ ದೊರೆ, ಇಂಥದನ್ನು ಮರಾಠಿಯಲ್ಲಿ ಮಾಡಬಾರದೇಕೆ ಎಂದು ತನ್ನ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಆ ಕೆಲಸ ಒಪ್ಪಿಸಿದರು. ಮರುವರ್ಷ, 1843ರ ನವೆಂಬರ್ 5ರಂದು, ಸಾಂಗ್ಲಿಯಲ್ಲಿ ‘ಸೀತಾ ಸ್ವಯಂವರ’ ಆಡಲಾಯಿತು. ಮರಾಠಿ ರಂಗಭೂಮಿ ಇಂದಿಗೂ ನವೆಂಬರ್ 5ನ್ನು ತನ್ನ ದಿನವೆಂದು ಆಚರಿಸುತ್ತದೆ.

ಭಾವೆಯವರ ನಾಟಕದಲ್ಲಿ ಸೂತ್ರಧಾರ ತಾಳ ಮೃದಂಗಗಳೊಡನೆ ಪದ್ಯ ಹಾಡುತ್ತಿದ್ದ, ಪಾತ್ರಧಾರಿಗಳು ಅದರ ಅರ್ಥವನ್ನು ಸ್ವಂತ ಮಾತಿನಲ್ಲಿ ಆಡುತ್ತಿದ್ದರು. ನಮ್ಮ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಭಾಗವತನೂ ಅರ್ಥಗಾರಿಕೆಯೂ ಘಟ್ಟ ಹತ್ತಿ ಕೃಷ್ಣೆಯ ದಡಕ್ಕೆ ಹೋಗಿದ್ದವು. ನಾವು ಅರಿತಷ್ಟರ ಮಟ್ಟಿಗೆ ಮರಾಠಿ ರಂಗಭೂಮಿಯ ಇತಿಹಾಸ ಬರೆದವರು ಈ ಋಣವನ್ನು ಮುಚ್ಚಿಟ್ಟಿಲ್ಲ. ಮೊದಲ ಅಧ್ಯಾಯದಲ್ಲಿಯೇ ಕನ್ನಡ ನಾಡಿನ ಭಾಗವತರ ಮಾತು ಬರುತ್ತದೆ. ಹೆಸರು ಹೇಳಿದ್ದರಿಂದ ಅವರ ರಂಗಭೂಮಿ ಚಿಕ್ಕದಾಗಲಿಲ್ಲ.

ಅಲ್ಲಿಂದ ಮುಂದಿನ ಹೆಜ್ಜೆ ಇನ್ನೂ ಸ್ವಾರಸ್ಯದ್ದು. ಲಕ್ನೋದಲ್ಲಿ ನವಾಬ ವಾಜಿದ್ ಅಲಿ ಶಾನ ಕಾಲದಲ್ಲಿ ಆಗಾ ಹಸನ್ ಅಮಾನತ್ ಎಂಬ ಕವಿ 1853ರ ಹೊತ್ತಿಗೆ ‘ಇಂದರ್ ಸಭಾ’ ಎಂಬ ಉರ್ದು ನಾಟಕ ಬರೆದರು. ಕಾಯಿಲೆಯಿಂದ ಎಳೆಯ ವಯಸ್ಸಿನಲ್ಲಿ ಮಾತು ಕಳೆದುಕೊಂಡು ವರ್ಷಗಟ್ಟಲೆ ಮೂಕರಾಗಿದ್ದ ಮನುಷ್ಯ ಅವರು. ಅವರ ನಾಟಕವೋ ತುಂಬ ಹಾಡು. ದೇವೇಂದ್ರನ ಆಸ್ಥಾನ, ಅಲ್ಲಿ ಹಾಡಿ ಕುಣಿಯುವ ಪರಿಯರು. ಪಾರಸಿಯ ಪರಿ ನಮ್ಮ ಅಪ್ಸರೆಯ ಪೀಠದಲ್ಲಿ ಬಂದು ಕೂತಿದ್ದಾಳೆ, ಉರ್ದು ಗಝಲು ಇಂದ್ರನ ಸಭೆಯಲ್ಲಿ ಮೊಳಗುತ್ತಿದೆ. ಈ ನಾಟಕವನ್ನು ಪಾರ್ಸಿ ಕಂಪೆನಿಗಳು ಊರೂರಿಗೆ ಹೊತ್ತವು.

ಆ ಪಾರ್ಸಿ ಕಂಪೆನಿಗಳ ಸಂಗೀತ ನಾಟಕವನ್ನು ಪುಣೆಯಲ್ಲಿ ನೋಡಿ ಹುರುಪುಗೊಂಡವರಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರ್ ಒಬ್ಬರು. ಹುಟ್ಟಿದ್ದು 1843ರಲ್ಲಿ, ಈಗ ನಮ್ಮ ಬೆಳಗಾವಿ ಜಿಲ್ಲೆಗೆ ಸೇರಿರುವ ಗುರ್ಲಹೊಸೂರಿನಲ್ಲಿ. 1880ರಲ್ಲಿ ಅವರು ರಂಗಕ್ಕೆ ತಂದ ‘ಸಂಗೀತ ಶಾಕುಂತಲ’ದಲ್ಲಿ ಸೂತ್ರಧಾರನೊಬ್ಬನೇ ಹಾಡುವ ಕಾಲ ಮುಗಿಯಿತು, ಪಾತ್ರಗಳೇ ಹಾಡತೊಡಗಿದವು. ಮುಂದೆ ನಾಟ್ಯಸಂಗೀತವೆಂಬ ಹೆಸರಿನಲ್ಲಿ ಅದೇ ಒಂದು ಸಂಗೀತ ಪ್ರಕಾರವಾಯಿತು. ಶಕುಂತಲೆಯ ತಾಯಿ ಅಪ್ಸರೆ ಮೇನಕೆ. ಉರ್ದುವಿನ ಪರಿಯರ ದಾರಿಯಲ್ಲಿಯೇ ಮರಾಠಿಯ ಶಕುಂತಲೆಯೂ ಬಂದಳು ಎಂದರೆ ನಮ್ಮ ಮಟ್ಟಿಗೆ ತಪ್ಪಾಗದು.

ಮಿರಜಿನಿಂದ ಬಂದ ಸ್ವರ

ಸಾಂಗ್ಲಿಯ ಮಗ್ಗುಲಲ್ಲೇ ಮಿರಜ್. ತಂಬೂರಿ ಸಿತಾರುಗಳನ್ನು ತಯಾರಿಸುವ ಮುಸ್ಲಿಮ್ ಕುಟುಂಬಗಳ ಊರು. ಖ್ವಾಜಾ ಶಮ್ನಾ ಮೀರಾರ ದರ್ಗಾ ಇರುವ ಊರು. ಉತ್ತರದ ಕೈರಾನಾದಲ್ಲಿ 1872ರಲ್ಲಿ ಹುಟ್ಟಿದ ಉಸ್ತಾದ್ ಅಬ್ದುಲ್ ಕರೀಮ್ ಖಾನರು ಬಂದು ನೆಲೆಸಿದ್ದು ಇಲ್ಲಿ. ಇಲ್ಲಿಂದ ಧಾರವಾಡ, ಹುಬ್ಬಳ್ಳಿಗಳ ಮೇಲೆ ಹಾದು ಮೈಸೂರು ಅರಮನೆಯವರೆಗೆ ಅವರ ಓಡಾಟ. ಕುಂದಗೋಳದ ರಾಮಭಾವು ಅವರ ಶಿಷ್ಯನಾದರು. ಶಿಷ್ಯ ನಾಟಕ ಕಂಪೆನಿ ಸೇರಿದ್ದು ಗುರುವಿಗೆ ಹಿಡಿಸಲಿಲ್ಲ. ಆದರೆ ಆ ಶಿಷ್ಯನೇ ಸವಾಯಿ ಗಂಧರ್ವರೆನಿಸಿ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರಿಗೆ ಗುರುವಾದರು.

ಖಾನ್‌ಸಾಹೇಬರ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ಕೊಟ್ಟವರಷ್ಟೇ ಅಲ್ಲ, ಪಡೆದವರೂ ಹೌದು. ದಕ್ಷಿಣಕ್ಕೆ ಬಂದ ಮೇಲೆ ಕರ್ನಾಟಕ ಸಂಗೀತವನ್ನು ಕೂತು ಕಲಿತರು. ತ್ಯಾಗರಾಜರ ಕೃತಿಯನ್ನು ಹಾಡಿ ಗ್ರಾಮಫೋನ್ ತಟ್ಟೆಗೂ ಕೊಟ್ಟರು. ಅವರ ಹಾಡಿಕೆಯಲ್ಲಿ ಸ್ವರಗಳನ್ನು ಹೆಸರಿಟ್ಟು ಹಾಡುವ ಸರಗಮ್ ಬೆಳೆದದ್ದರಲ್ಲಿ ದಕ್ಷಿಣದ ಋಣ ಇದೆಯೆಂದು ಸಂಗೀತ ಬಲ್ಲವರು ಹೇಳುತ್ತಾರೆ. 1937ರಲ್ಲಿ ಪಾಂಡಿಚೇರಿಗೆ ಹೋಗುವ ದಾರಿಯ ಒಂದು ರೈಲು ನಿಲ್ದಾಣದಲ್ಲಿ ಅವರು ತೀರಿಕೊಂಡರು. ಮಿರಜಿನ ದರ್ಗಾದ ಆವರಣದಲ್ಲಿ ಅವರ ಗೋರಿ ಇದೆ. ಉರೂಸಿನ ಹೊತ್ತಿಗೆ ಅಲ್ಲಿ ದೊಡ್ಡ ದೊಡ್ಡ ಗಾಯಕರು ಬಂದು ಹಾಡಿ ಹೋಗುತ್ತಾರೆ.

ಈ ಸ್ವರ ಘಟ್ಟ ಇಳಿದು ಕರಾವಳಿಗೆ ಬಂದದ್ದು ಹೇಗೆ? ಇದಕ್ಕೆ ಸರಕಾರದ ಒಂದು ಕಾಗದವೂ ಕಾರಣ. ಬ್ರಿಟಿಷರು ಕೆನರಾ ಜಿಲ್ಲೆಯನ್ನು ಎರಡು ಮಾಡಿ, 1862ರಲ್ಲಿ ಉತ್ತರ ಭಾಗವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಉಡುಪಿ, ಮಂಗಳೂರುಗಳು ಮದರಾಸಿನ ಕಡೆ ಉಳಿದವು. ಹೊನ್ನಾವರ, ಕುಮಟೆಯವರಿಗೆ ದೊಡ್ಡ ಶಾಲೆ, ಕಚೇರಿ, ವ್ಯಾಪಾರ ಎಲ್ಲವೂ ಧಾರವಾಡ, ಬೆಳಗಾವಿ, ಮುಂಬಯಿಯ ಕಡೆಗಾಯಿತು. ಆ ದಾರಿಯಲ್ಲೇ ನಾಟಕ ಕಂಪೆನಿಗಳೂ ಬಂದವು, ಹಾರ್ಮೋನಿಯಮ್ ಬಂತು, ತಬಲಾ ಬಂತು. ದಕ್ಷಿಣದ ಕರಾವಳಿಯಲ್ಲಿ ಕರ್ನಾಟಕ ಸಂಗೀತದ ಕಿವಿ ಬೆಳೆದರೆ ನಮ್ಮಲ್ಲಿ ಹಿಂದೂಸ್ತಾನಿಯ ಕಿವಿ ಬೆಳೆಯಿತು. 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾದ ಮೇಲಂತೂ ಅಡಿಕೆ ತೋಟದ ಮನೆಗಳಲ್ಲಿ ಕಿರಾಣಾ ಘರಾಣೆಯ ಹಾಡು ಕೇಳತೊಡಗಿತು. ಈ ಜಿಲ್ಲೆಯ ಹಳ್ಳಿಗಳಿಂದ ಹೊರಟು ಧಾರವಾಡದ ಬಸವರಾಜ ರಾಜಗುರುಗಳ ಮುಂದೆ ಕೂತು ಕಲಿತವರು ಇಂದು ದೇಶದ ಹೆಸರಾಂತ ಗಾಯಕರಾಗಿದ್ದಾರೆ. ಆ ರಾಜಗುರುಗಳೋ, ಪಂಚಾಕ್ಷರಿ ಗವಾಯಿಗಳ ಪಾಠ ಮುಗಿದ ಮೇಲೆ ಉಸ್ತಾದರನ್ನು ಹುಡುಕಿಕೊಂಡು ಕರಾಚಿಯವರೆಗೆ ಹೋಗಿ ಕಲಿತವರು.

ಹೀಗೆ 1842ರಲ್ಲಿ ಇಲ್ಲಿಂದ ಹೋದದ್ದು, ಮರಾಠಿ, ಉರ್ದು, ಪಾರ್ಸಿ ಕಂಪೆನಿಗಳ ಕೈದಾಟಿ, ಬೇರೆಯ ರೂಪದಲ್ಲಿ ಇಲ್ಲಿಗೇ ಬಂದು ಸೇರಿತು. ಗೆರೆ ಎಳೆದಂತೆ ನೇರವಾಗಿ ಬಂತೆಂದು ನಾವು ಹೇಳುವುದಿಲ್ಲ. ಹಳ್ಳದ ನೀರು ಯಾವ ತೋಟದ ಒಳಗೆ ಹೊಕ್ಕು ಯಾವ ಕಡೆಯಿಂದ ಹೊರಬಂತೆಂದು ಹೇಳುವುದು ಕಷ್ಟ. ನೀರು ಹರಿದದ್ದಂತೂ ನಿಜ.

ಹಿಮ್ಮೇಳ ಬದಲಾದ ಬಗೆ

ಶ್ರುತಿಯನ್ನೇ ನೋಡಿ. ಹಿಂದೆ ಯಕ್ಷಗಾನದ ಶ್ರುತಿಗೆ ಸೋರೆಬುರುಡೆಯ ಪುಂಗಿ ಇತ್ತು. ಅದನ್ನು ನಿಲ್ಲಿಸದೆ ಊದುವುದೇ ಒಂದು ವಿದ್ಯೆ. ಅದರ ಜಾಗಕ್ಕೆ ಹಾರ್ಮೋನಿಯಮ್ ಜಾತಿಯ ಶ್ರುತಿಪೆಟ್ಟಿಗೆ ಬಂತು, ಈಗ ವಿದ್ಯುತ್ತಿನ ಪೆಟ್ಟಿಗೆ ಇದೆ. ಹಾರ್ಮೋನಿಯಮ್ಮಿಗೆ ಪ್ಯಾರಿಸಿನಲ್ಲಿ ಪೇಟೆಂಟ್ ಸಿಕ್ಕಿದ್ದೂ 1842ರಲ್ಲಿಯೇ. ಇದು ಪರದೇಶದ್ದು, ನಮ್ಮ ಸಂಗೀತಕ್ಕೆ ಹೊಂದದು ಎಂದು ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತ್ತು. ಆದರೆ ಆ ಮೂವತ್ತು ವರ್ಷಗಳಲ್ಲಿ ಭಜನೆಯವರೂ ಕವ್ವಾಲಿಯವರೂ ನಾಟಕದವರೂ ಅದನ್ನು ಕೈಬಿಡಲಿಲ್ಲ. ‘ನಮ್ಮದಲ್ಲ’ ಎಂಬ ತೀರ್ಪು ಕಚೇರಿಯಲ್ಲಿ ಉಳಿಯಿತು, ಪೆಟ್ಟಿಗೆ ಜನರ ನಡುವೆ ಉಳಿಯಿತು.

ಮದ್ದಳೆಯ ಕಥೆ ಹಿರಿಯಡಕ ಗೋಪಾಲರಾಯರದ್ದು. 1919ರಲ್ಲಿ ಹುಟ್ಟಿ ನೂರು ದಾಟಿ ಬದುಕಿ 2020ರಲ್ಲಿ ತೀರಿಕೊಂಡ ಅವರು ಬಡಗಿನಲ್ಲಿ ‘ಏರು ಮದ್ದಳೆ’ಯನ್ನು ತಂದವರೆಂದು ಹೆಸರಾದರು. ಶ್ರುತಿ ಏರಿತು, ಮದ್ದಳೆಯ ಮಾತು ಬಿಡಿಸಿ ಕೇಳುವಂತಾಯಿತು. ಅವರ ಮುಂದೆ ಕೂತು ಕಲಿತವರಲ್ಲಿ ಅಮೆರಿಕದ ಮಾರ್ಥಾ ಆಶ್ಟನ್ ಕೂಡ ಇದ್ದರು. ಆಕೆ ಯಕ್ಷಗಾನದ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಪುಸ್ತಕ 1977ರಲ್ಲಿ ಬಂತು.

ಇನ್ನು ಶಿವರಾಮ ಕಾರಂತರು. ಹಳೆಯ ಭಾಗವತರನ್ನು ಹುಡುಕಿ, ಮರೆತುಹೋಗುತ್ತಿದ್ದ ರಾಗಗಳನ್ನು ಹಾಡಿಸಿ, ಬರೆದಿಟ್ಟುಕೊಂಡವರು ಅವರೇ. ತಮ್ಮ ಪ್ರಯೋಗಗಳಲ್ಲಿ ಹಿಮ್ಮೇಳಕ್ಕೆ ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ತಂದು ಕೂರಿಸಿದವರೂ ಅವರೇ. ಅದನ್ನು ಮೆಚ್ಚಿದವರಿದ್ದಾರೆ, ಬೈದವರಿದ್ದಾರೆ. ಇಂದಿನ ಭಾಷೆಯಲ್ಲಿ ಅವರನ್ನು ಪ್ರೊಡ್ಯೂಸರ್ ಎನ್ನಬಹುದು. ತಾವು ಬಾರಿಸದೆ, ಬಾರಿಸುವವರನ್ನು ಕೂಡಿಸಿ, ಕೊನೆಗೆ ಕೇಳುವ ನಾದ ಹೇಗಿರಬೇಕೆಂದು ತೀರ್ಮಾನಿಸುವವರು.

ಮೈಕು ಬಂದದ್ದು ಇದೆಲ್ಲಕ್ಕಿಂತ ದೊಡ್ಡ ಬದಲಾವಣೆ. ಅದಕ್ಕೆ ಮೊದಲು ಗದ್ದೆಯ ತುದಿಯಲ್ಲಿ ಕೂತ ಕೊನೆಯ ಮನುಷ್ಯನಿಗೂ ತಲುಪಬೇಕೆಂದರೆ ಭಾಗವತ ಏರು ಕಂಠದಲ್ಲೇ ಹಾಡಬೇಕಿತ್ತು. ಮೈಕಿನ ಮುಂದೆ ಪಿಸುಗುಟ್ಟಲೂ ಬಹುದು, ಒಂದು ಸ್ವರವನ್ನು ಸವರಿ ನಿಲ್ಲಿಸಲೂ ಬಹುದು. ಹಿಂದೂಸ್ತಾನಿಯ ಆಲಾಪಕ್ಕೆ ಹಿಮ್ಮೇಳದಲ್ಲಿ ಜಾಗ ಸಿಕ್ಕಿದ್ದು ಆಗ. ಆ ಜಾಗವನ್ನು ಪೂರಾ ಬಳಸಿದವರು ಗುಂಡ್ಮಿ ಕಾಳಿಂಗ ನಾವಡರು. ನಾರ್ಣಪ್ಪ ಉಪ್ಪೂರರ ಬಳಿ ಸಂಪ್ರದಾಯದ ಪಾಠ ಗಟ್ಟಿಯಾಗಿ ಕಲಿತು, ಆಮೇಲೆ ಸಾಲಿಗ್ರಾಮ ಮೇಳದಲ್ಲಿ ಹೊಸ ಹೊಸ ರಾಗಗಳನ್ನು ತಂದು ಜನರನ್ನು ಹುಚ್ಚೆಬ್ಬಿಸಿದರು. ಅವರ ಕ್ಯಾಸೆಟ್ಟು ನಮ್ಮೂರಿನ ಮೀನು ಲಾರಿಗಳಲ್ಲೂ ಹಾಡುತ್ತಿತ್ತು. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ ಮೂವತ್ತೆರಡರ ಆಸುಪಾಸು. 2024ರಲ್ಲಿ ತೀರಿಕೊಂಡ ಗೋಕರ್ಣದ ಸುಬ್ರಹ್ಮಣ್ಯ ಧಾರೇಶ್ವರರು ಪೆರ್ಡೂರು ಮೇಳದಲ್ಲಿ ಆ ಭಾವಪೂರ್ಣ ಹಾಡಿಕೆಯನ್ನು ಇನ್ನೊಂದು ರೀತಿಯಲ್ಲಿ ಬೆಳೆಸಿದರು.

ಎಲ್ಲರೂ ಈ ದಾರಿ ಹಿಡಿಯಲಿಲ್ಲ. ಕೆರೆಮನೆ ಮೇಳದಲ್ಲಿ ದೀರ್ಘಕಾಲ ಹಾಡಿ 2019ರಲ್ಲಿ ತೀರಿಕೊಂಡ ನೆಬ್ಬೂರು ನಾರಾಯಣ ಭಾಗವತರು ಯಕ್ಷಗಾನದ ಹಳೆಯ ಧಾಟಿಯಲ್ಲೇ ನಿಂತವರು. ರಾಗ ಮೆರೆಸಲು ಪದ್ಯವನ್ನು ಎಳೆಯುವವರಲ್ಲ ಅವರು. ಪಾತ್ರಕ್ಕೆ ಎಷ್ಟು ಬೇಕೋ ಅಷ್ಟೇ. ಅವರ ಹಾಡಿಕೆ ಕೇಳುವಾಗ ನಮಗೆ ಅನ್ನಿಸುತ್ತಿದ್ದುದು ಇದು: ಪಡೆಯುವುದಕ್ಕೂ ಒಂದು ಮಿತಿ ಬೇಕು. ಕೋರೆ, ಘಂಟಾರವದಂಥ ಈ ನೆಲದ ರಾಗಗಳು ಮರೆತುಹೋದ ಮೇಲೆ ಎಲ್ಲ ಭಾಗವತರೂ ಒಂದೇ ರೇಡಿಯೋದಂತೆ ಕೇಳಿಸಿದರೆ ಅದು ಲಾಭವಲ್ಲ. ನಾವಡರಿಗೆ ಹಾರಲು ಆಯಿತು, ಏಕೆಂದರೆ ಉಪ್ಪೂರರು ಅವರಿಗೆ ಮೊದಲು ನೆಲ ತೋರಿಸಿದ್ದರು. ಅವರನ್ನು ಅನುಕರಿಸಿದ ಅನೇಕರಿಗೆ ಆ ನೆಲ ಇರಲಿಲ್ಲ.

ಉಮ್ಮಾ ಎಂಬ ಹೆಸರಿನ ತಂಡ

ಈಗ ನಮ್ಮ ಹುಡುಗನ ‘ಅಮೆರಿಕದ ಬೀಟಿ’ಗೆ ಬರೋಣ. ಹಿಪ್ ಹಾಪ್ ಹುಟ್ಟಿದ್ದು 1973ರ ಆಗಸ್ಟ್ 11ರಂದು ಎನ್ನುತ್ತಾರೆ. ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಬಡ ಬಡಾವಣೆಯ ಒಂದು ವಠಾರದಲ್ಲಿ ಜಮೈಕಾದಿಂದ ವಲಸೆ ಬಂದ ಕುಟುಂಬದ ಹುಡುಗ ಕೂಲ್ ಹರ್ಕ್ ಪಾರ್ಟಿಯೊಂದಕ್ಕೆ ತಟ್ಟೆ ಹಾಕಿದ. ಹಾಡಿನ ನಡುವೆ ಡ್ರಮ್ಮು ಮಾತ್ರ ಬಾರಿಸುವ ತುಣುಕು ಬಂದಾಗ ಜನ ಹೆಚ್ಚು ಕುಣಿಯುವುದನ್ನು ಅವನು ಗಮನಿಸಿದ್ದ. ಒಂದೇ ಬಗೆಯ ಎರಡು ತಟ್ಟೆಗಳನ್ನಿಟ್ಟು ಆ ತುಣುಕನ್ನೇ ಮತ್ತೆ ಮತ್ತೆ ನುಡಿಸಿದ. ವಾದ್ಯ ಕೊಳ್ಳಲು ಹಣವಿಲ್ಲದವರ ಮಕ್ಕಳು ಹಳೆಯ ತಟ್ಟೆಗಳನ್ನೇ ವಾದ್ಯ ಮಾಡಿಕೊಂಡರು.

ಅಂಥ ತಂಡಗಳಲ್ಲಿ ‘ಎ ಟ್ರೈಬ್ ಕಾಲ್ಡ್ ಕ್ವೆಸ್ಟ್’ ಒಂದು. ಅದರ ನಾದವನ್ನು ರೂಪಿಸಿದವರಲ್ಲಿ ಅಲಿ ಶಹೀದ್ ಮುಹಮ್ಮದ್ ಎಂಬ ಮುಸ್ಲಿಮ್ ಇದ್ದರು. ಅವರೂ, ಜೊತೆಗಾರ ಕ್ಯೂ-ಟಿಪ್ ಮತ್ತು ಡೆಟ್ರಾಯಿಟ್ ನಗರದ ಜೆ ಡಿಲ್ಲಾ ಸೇರಿ 1996ರ ಹೊತ್ತಿಗೆ ಕಟ್ಟಿದ ಪ್ರೊಡ್ಯೂಸರುಗಳ ಕೂಟಕ್ಕೆ ಇಟ್ಟ ಹೆಸರು ‘ದಿ ಉಮ್ಮಾ’. ನಮ್ಮ ಓದುಗರಿಗೆ ಆ ಅರಬಿ ಪದದ ಅರ್ಥ ಗೊತ್ತು. ಇದೇ ತಂಡದ 1991ರ ಆಲ್ಬಮ್ಮಿನ ಮೊದಲ ಹಾಡಿನ ಅಡಿಪಾಯ ಜಾಝ್ ಡ್ರಮ್ಮುಗಾರ ಆರ್ಟ್ ಬ್ಲೇಕಿಯವರ ತಂಡದ 1973ರ ಒಂದು ತಟ್ಟೆಯಿಂದ ತೆಗೆದದ್ದು. ಬ್ಲೇಕಿ ಇಸ್ಲಾಮ್ ಸ್ವೀಕರಿಸಿ ಅಬ್ದುಲ್ಲಾ ಇಬ್ನ್ ಬುಹೈನಾ ಎಂದು ಹೆಸರಿಟ್ಟುಕೊಂಡಿದ್ದರು. ಹಾಗಾದರೆ ಹಿಪ್ ಹಾಪ್ ಮುಸ್ಲಿಮರದ್ದೇ? ಹಾಗೆ ಹೇಳಿದರೆ ತಾಳಮದ್ದಳೆಯ ಹಿರಿಯರಿಗೂ ನಮಗೂ ವ್ಯತ್ಯಾಸ ಉಳಿಯುವುದಿಲ್ಲ. ಅದು ಜಮೈಕಾದ ವಲಸಿಗರದ್ದು, ಕರಿಯರ ಚರ್ಚುಗಳದ್ದು, ಜಾಝ್‌ನವರದ್ದು. ಮುಸ್ಲಿಮರದ್ದೂ ಹೌದು.

ಹಿಪ್ ಹಾಪಿನ ಲೋಕ ಒಂದು ಪಾಠವನ್ನು ನೋವಿನಿಂದ ಕಲಿಯಿತು. ಜೇಮ್ಸ್ ಬ್ರೌನ್ ಎಂಬ ಗಾಯಕನ ತಂಡದಲ್ಲಿ ಕ್ಲೈಡ್ ಸ್ಟಬಲ್‌ಫೀಲ್ಡ್ ಎಂಬ ಡ್ರಮ್ಮುಗಾರ ಇದ್ದ. 1970ರ ಒಂದು ತಟ್ಟೆಯಲ್ಲಿ ಅವನು ಬಾರಿಸಿದ ಕೆಲವೇ ಸೆಕೆಂಡುಗಳ ತುಣುಕು ಮುಂದೆ ಸಾವಿರಕ್ಕೂ ಹೆಚ್ಚು ಹಾಡುಗಳಲ್ಲಿ ಬಂತು. ಹಾಡಿದವರು ಶ್ರೀಮಂತರಾದರು. 2017ರಲ್ಲಿ ಸಾಯುವವರೆಗೂ ಅವನಿಗೆ ಅದರಿಂದ ಸಲ್ಲಬೇಕಾದ ಗೌರವಧನ ಸಿಗಲಿಲ್ಲ. ತನಗೆ ಹಣಕ್ಕಿಂತ ಹೆಸರು ಹೇಳದೆ ಹೋದದ್ದೇ ಬೇಸರ ಎಂಬರ್ಥದ ಮಾತನ್ನು ಅವನು ಆಡಿದ್ದ.

ನಮ್ಮ ದೇಶಕ್ಕೂ ಈ ಕಥೆ ತಾಗಿದೆ. 1981ರ ‘ಜ್ಯೋತಿ’ ಚಿತ್ರಕ್ಕೆ ಬಪ್ಪಿ ಲಾಹಿರಿ ಸಂಯೋಜಿಸಿ ಲತಾ ಮಂಗೇಶ್ಕರ್ ಹಾಡಿದ ಹಾಡನ್ನು 2002ರಲ್ಲಿ ಅಮೆರಿಕದ ಒಂದು ಹಿಪ್ ಹಾಪ್ ಶೈಲಿಯ ಹಾಡು ಕೇಳದೆ ಬಳಸಿಕೊಂಡಿತು. ಬಪ್ಪಿಯವರ ಹೆಸರು ಹಾಕುವವರೆಗೆ ಆ ತಟ್ಟೆಯನ್ನು ಮಾರಕೂಡದೆಂದು ಲಾಸ್ ಏಂಜಲಿಸ್‌ನ ನ್ಯಾಯಾಲಯ 2003ರಲ್ಲಿ ಆದೇಶಿಸಿತು. ನಮ್ಮ ಕರಾವಳಿಯ ಕಥೆಯಿರುವ ‘ಕಾಂತಾರ’ ಚಿತ್ರದ ‘ವರಾಹ ರೂಪಂ’ ಹಾಡಿನ ಬಗ್ಗೆ 2022ರಲ್ಲಿ ಕೇರಳದ ತೈಕ್ಕುಡಂ ಬ್ರಿಡ್ಜ್ ಬ್ಯಾಂಡಿನವರು ಕೋರ್ಟಿಗೆ ಹೋದದ್ದು ಓದುಗರಿಗೆ ನೆನಪಿರಬಹುದು. ಯಾರದು ಸರಿ ಎಂದು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ನಾದಕ್ಕೂ ಒಂದು ವಂಶಾವಳಿ ಇದೆ, ಅದನ್ನು ಕೇಳುವ ಹಕ್ಕು ಜನರಿಗಿದೆ ಎಂಬುದಷ್ಟೇ ನಮ್ಮ ಮಾತು.

ಹೆಸರು ಹೇಳುವುದು

ಉರ್ದು ಶಾಲೆಯಲ್ಲಿ ನಮಗೆ ಹದೀಸ್ ಕಲಿಸುವಾಗ ಉಸ್ತಾದರು ಮೊದಲು ಹೇಳಿಸುತ್ತಿದ್ದುದು ಸನದ್. ಇವರು ಇವರಿಂದ ಕೇಳಿದರು, ಅವರು ಅವರಿಂದ ಕೇಳಿದರು. ಕೊಂಡಿಯಲ್ಲಿ ಒಂದು ಹೆಸರು ಬಿದ್ದುಹೋದರೆ ಮಾತಿನ ತೂಕವೇ ಇಳಿಯುತ್ತಿತ್ತು. ಹಿಂದೂಸ್ತಾನಿ ಗಾಯಕರು ಗುರುವಿನ ಹೆಸರು ಹೇಳುವಾಗ ಕಿವಿ ಮುಟ್ಟಿಕೊಳ್ಳುತ್ತಾರೆ. ರಂಗಸ್ಥಳಕ್ಕೆ ಬರುವ ಮುನ್ನ ಕಲಾವಿದರು ಚೌಕಿಯಲ್ಲಿ ಹಿರಿಯರಿಗೆ ನಮಿಸುತ್ತಾರೆ. ಪಡೆದದ್ದನ್ನು ಒಪ್ಪಿಕೊಳ್ಳುವ ರೀತಿಗಳಿವು, ನಮ್ಮೆಲ್ಲರ ಮನೆಗಳಲ್ಲೂ ಇದ್ದಂಥವು.

ಹಾಗಿದ್ದ ಮೇಲೆ ‘ಇದು ನಮ್ಮದಲ್ವಾ’ ಎಂದ ಹಿರಿಯರಿಗೆ ನಾವು ಹೇಳಬೇಕಾದ್ದು: ಹೌದು, ನಿಮ್ಮದೇ. ಅದನ್ನು ಕಾಪಾಡಿದ ಕರ್ಕಿಯ, ಕೆರೆಮನೆಯ ಮನೆಗಳಿಗೆ ಈ ತಾಲೂಕೇ ಋಣಿ. ಅದರ ಸನದಿನಲ್ಲಿ ಮಿರಜಿನ ಖಾನ್‌ಸಾಹೇಬರಿಗೂ ಲಕ್ನೋದ ಅಮಾನತ್‌ಗೂ ಒಂದೊಂದು ಸಾಲು ಇರಲಿ. ‘ಅದು ನಮ್ಮದಲ್ಲ’ ಎಂದ ನಮ್ಮ ಹಿರಿಯರಿಗೆ ಹೇಳಬೇಕಾದ್ದೂ ಅದೇ. ನಮ್ಮವರು ಕೊಟ್ಟದ್ದು ಅಲ್ಲಿದೆ, ಅದಕ್ಕಿಂತ ಹೆಚ್ಚಾಗಿ ನಾವು ಅಲ್ಲಿಂದ ಪಡೆದದ್ದಿದೆ. ನಾವು ಬರೆಯುವ ಕನ್ನಡದಲ್ಲಿ ಏನಾದರೂ ಓಟವಿದ್ದರೆ ಅದು ಗದ್ದೆಯ ಬದುವಿನಲ್ಲಿ ಕೂತು ಕೇಳಿದ ಅರ್ಥಗಾರಿಕೆಯಿಂದ ಬಂದದ್ದು. ಅದನ್ನು ಮುಚ್ಚಿಡುವುದು ನಮಗೆ ಸಲ್ಲದು.

ರಜೆ ಮುಗಿಯುವ ಮೊದಲು ಹುಡುಗರು ಇನ್ನೊಮ್ಮೆ ಸಿಕ್ಕಿದರು. ಈ ಬಾರಿ ಕಾಸರಕೋಡಿನ ದಂಡೆಯಲ್ಲಿ. ಇಲ್ಲಿ ಬರೆದದ್ದರಲ್ಲಿ ಅರ್ಧದಷ್ಟನ್ನು ಅವರಿಗೆ ಹೇಳಿದೆವು. ಕಡೆಗೆ, ಆ ಹಾಡಿನ ಕೆಳಗೆ ಯಾರ ಯಾರ ಹೆಸರಿದೆ ನೋಡಿ ಎಂದೆವು. ನಮ್ಮ ಹುಡುಗ ಮೊಬೈಲ್ ಸವರಿ ಓದಿದ. ಹಾಡಿದವರ ಹೆಸರಿತ್ತು, ಬರೆದವರ ಹೆಸರಿತ್ತು, ಕಂಪೆನಿಯ ಹೆಸರಿತ್ತು, ಚಿತ್ರೀಕರಣಕ್ಕೆ ಜಾಗ ಕೊಟ್ಟ ಹೋಟೆಲಿನ ಹೆಸರೂ ಇತ್ತು. ಚಂಡೆ ಬಾರಿಸಿದವರ ಹೆಸರು ಇರಲಿಲ್ಲ.

ವೇಷಧಾರಿಯ ಮೊಮ್ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಅಜ್ಜನ ಹತ್ರ ಕೇಳ್ತೇನೆ ಚಾಚಾ. ಆ ಪೆಟ್ಟು ಕೇಳಿದ್ರೆ ಯಾರ ಕೈ ಅಂತ ಅವರಿಗೆ ಗೊತ್ತಾಗ್ತದೆ” ಎಂದ. ನಮ್ಮ ಹುಡುಗ ಹಾಡನ್ನು ಅವನ ಮೊಬೈಲಿಗೆ ಕಳಿಸಿದ.